ಸುಸ್ಥಿತಿಯಲ್ಲಿರುವ ವಾಹನ

ಬಸ್ಸಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಚಂದನ, "ಅಂಕಲ್, ತನ್ಮಯಿ ಎಲ್ಲಿ?" ಎಂದು ಕೂಗಿದಾಗ ಸುಧೀಂದ್ರ ಶಾಲೆಯ ಕಚೇರಿಯ ಜಗುಲಿಯಲ್ಲಿ ನಿಂತು, ಎಂದೋ ಓದಿ ಮುಗಿಸಿದ್ದ ಸೂಚನಾ ಫಲಕವನ್ನು ಮತ್ತೆ ಓದುತ್ತಿರುವವನಂತೆ ನಟಿಸುತ್ತಿದ್ದ. "ಜ್ವರ ಕಣಮ್ಮ," ಎಂದ. "ಅಯ್ಯೋ, ನಿನ್ನೆ ಸಂಜೆ ನನ್ ಜೊತೆ ಕುಂಟೆಬಿಲ್ಲೆ ಆಡಿದ್ಲಲ್ಲ!" ಎಂದಳು ಹುಡುಗಿ. ಅವಳ ದನಿಯಲ್ಲಿದ್ದದ್ದು ಬರೀ ಬೇಸರ, ಅನುಮಾನವಲ್ಲ. ಆದರೂ ಅವನ ಕಿವಿಯ ಹಿಂದೆ ಬೆವರು ಒಡೆಯಿತು. ಬಸ್ಸು ಹೊಸ ಸ್ವಾಗತ ಕಮಾನಿನ ಕೆಳಗೆ ಹಾದು ಮದ್ದೂರು ರಸ್ತೆಗೆ ತಿರುಗಿತು. ತಿರುಗುವಾಗ ಹಿಂದಿನ ಚಕ್ರಗಳು ಕಣ್ಣಿಗೆ ಬಿದ್ದವು. ನೋಡಬಾರದೆಂದುಕೊಂಡೇ ನೋಡಿದ. ಹಿಡಿತದ ಗೀರುಗಳೆಲ್ಲ ಪೂರಾ ಸವೆದುಹೋದ ರಬ್ಬರು ಬೆಳಗಿನ ಬಿಸಿಲಿಗೆ ಎಣ್ಣೆ ಸವರಿದ ಹಾಗೆ ಹೊಳೆಯಿತು. ಏಳನೇ ತರಗತಿಯ ಅಷ್ಟೂ ಮಕ್ಕಳು, ಜೊತೆಗೆ ಹೆಡ್‌ ಮಿಸ್ ವೀಣ, ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಹೊರಟಿದ್ದರು. ಅವರ ಜೊತೆ ಇರಬೇಕಾಗಿದ್ದ ಅವನ ಮಗಳು ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ಅವಳಿಗೆ ಜ್ವರ ಬಂದಿರಲಿಲ್ಲ.

ಥರ್ಮಾಮೀಟರನ್ನು ಅವನೇ ಬಿಸಿನೀರಿನ ಚೊಂಬಿಗೆ ಅದ್ದಿದ್ದ. ಬಚ್ಚಲುಮನೆಯಲ್ಲಿ, ಬಾಗಿಲು ಮುಂದಕ್ಕೆಳೆದುಕೊಂಡು, ತಲೆ ನರೆತ ಗಂಡಸು, ಶಾಲೆ ನಡೆಸುವ ಸಂಸ್ಥೆಯ ಇಡೀ ಲೆಕ್ಕಪತ್ರ ನೋಡಿಕೊಳ್ಳುವವನು, ಕಳ್ಳ ಹುಡುಗನ ಹಾಗೆ ಕುಕ್ಕುರುಗಾಲಿನಲ್ಲಿ ಕೂತು ಪಾದರಸ ಏರುವುದನ್ನೇ ನೋಡಿದ್ದ. ತನ್ಮಯಿ ಆಗಲೇ ಎದ್ದು ಜಡೆ ಹಾಕಿಸಿಕೊಂಡು, ಚೀಲಕ್ಕೆ ಚಕ್ಕುಲಿಯ ಡಬ್ಬಿ ತುಂಬಿಕೊಂಡು ಕುಣಿಯುತ್ತಿದ್ದಳು. "ನಂಗೇನೂ ಆಗ್ತಿಲ್ಲಪ್ಪ," ಎಂದಳು. "ಆಗ್ತಿದೆ. ನಿಂಗೆ ಗೊತ್ತಾಗ್ತಿಲ್ಲ ಅಷ್ಟೆ. ನೋಡಿಲ್ಲಿ," ಎಂದು ಗಾಜಿನ ಕೊಳವೆಯನ್ನು ಅವಳ ಕಣ್ಣಿಗೆ ಹಿಡಿದ. ಅವಳು ಅದನ್ನು ನೋಡಿದಳು, ತನ್ನ ಹಣೆ ತಾನೇ ಮುಟ್ಟಿಕೊಂಡಳು, ಸ್ವಲ್ಪ ಹೊತ್ತು ಯೋಚಿಸಿದಳು. "ಹೌದಪ್ಪ. ಬಿಸಿ ಇದೆ," ಎಂದಳು. ಅವಳು ಅತ್ತಿದ್ದರೆ, ರಂಪ ಮಾಡಿದ್ದರೆ, ಅವನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಅಪ್ಪ ಹೇಳಿದನೆಂದು ಮಗು ಇಲ್ಲದ ಜ್ವರವನ್ನು ಮೈಗೆ ತಂದುಕೊಂಡಿತಲ್ಲ, ಅದು ಅವನನ್ನು ಕೊರೆಯತೊಡಗಿತು. ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬಂದ ಹೆಂಡತಿ ಪ್ರಿಯಂವದಾ ಚೊಂಬನ್ನು ನೋಡಿದಳು, ಥರ್ಮಾಮೀಟರನ್ನು ನೋಡಿದಳು, ಕೊನೆಗೆ ಅವನನ್ನು. ಹಿಂದಿನ ದಿನ ಊಟಕ್ಕೆ ಕೂತಾಗ ಅವನೇ ಬಾಯಿ ತಪ್ಪಿ ಟೈರಿನ ಸುದ್ದಿ ಎತ್ತಿದ್ದ. ಏನಾದರೂ ಕೇಳುತ್ತಾಳೆಂದು ಅವನು ಕಾದ. "ಮಲಕ್ಕೋ ಪುಟ್ಟಿ, ಗಂಜಿ ಮಾಡ್ಕೊಡ್ತೀನಿ," ಎಂದಷ್ಟೇ ಅಂದು ಅವಳು ಅಡುಗೆಮನೆಗೆ ಹೋದಳು.

ಆ ಚಕ್ರಗಳನ್ನು ಅಷ್ಟು ಸವೆಯಲು ಬಿಟ್ಟವನು ಸುಧೀಂದ್ರನೇ. ಹೋದ ಮಾರ್ಚಿನಲ್ಲಿ ಸಂಸ್ಥೆಯ ಕಾರ್ಯದರ್ಶಿ ಚಲುವರಾಜು ಶಾಲೆಯ ಬಾಗಿಲಿಗೊಂದು ಕಮಾನು ಆಗಲೇಬೇಕೆಂದು ಹಟ ಹಿಡಿದಿದ್ದರು. ಕಟ್ಟಡದ ಬಾಬ್ತಿನಲ್ಲಿ ಹಣ ಮುಗಿದಿತ್ತು. "ಎಲ್ಲಿಂದಾದ್ರೂ ಒಂದ್ಸಿ ಸುಧೀಂದ್ರಯ್ಯ, ನಿಮ್ಗೆ ನಾನ್ ಯೋಳ್ಕೊಡ್ಬೇಕಾ?" ಎಂದು ಹೆಗಲ ಮೇಲೆ ಕೈಯಿಟ್ಟು ಎದ್ದು ಹೋಗಿದ್ದರು. ಹೊಂದಿಸುವುದೆಂದರೆ ಒಂದು ಬಾಬ್ತಿಗೆ ಮಂಜೂರಾದದ್ದನ್ನು ಇನ್ನೊಂದು ಬಾಬ್ತಿಗೆ ಎತ್ತಿ ಹಾಕುವುದು. ಅದರಲ್ಲಿ ಕಳ್ಳತನವಿಲ್ಲ, ಬಿಡಿಗಾಸೂ ಯಾರ ಜೇಬಿಗೂ ಹೋಗುವುದಿಲ್ಲ. ನಿಯಮ ಒಂದೇ: ಯಾವ ಬಾಬ್ತಿನಿಂದ ತೆಗೆಯುತ್ತೀರೋ ಅದಕ್ಕೆ ಆ ಹಣ ಈ ವರ್ಷ ಬೇಕಾಗಿಲ್ಲವೆಂದು ಕಾರಣ ಕೊಡಬೇಕು. ಕಾರಣ ಬರೆಯುವುದರಲ್ಲಿ ತನ್ನನ್ನು ಮೀರಿಸುವವರು ಮಳವಳ್ಳಿಯಲ್ಲೇ ಇಲ್ಲವೆಂದು ಅವನು ಒಳಗೊಳಗೇ ಬೀಗುತ್ತಿದ್ದ. ಯಾವ ಬಾಬ್ತು ಎಂದು ಚಲುವರಾಜು ಹೇಳಿರಲಿಲ್ಲ, ಕೇಳಿಯೂ ಇರಲಿಲ್ಲ. ಪುಸ್ತಕದ ಬಾಬ್ತಿಗೆ ಕೈ ಹಾಕಿದರೆ ಲೈಬ್ರರಿಯ ಸಿದ್ದೇಶ್ ಸಭೆಯಲ್ಲೇ ಎದ್ದು ನಿಂತು ಜಗಳ ತೆಗೆಯುತ್ತಾನೆ. ಪ್ರಯೋಗಾಲಯದ್ದನ್ನು ಮುಟ್ಟಿದರೆ ವಿಜ್ಞಾನದ ಮೇಷ್ಟ್ರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಟೈರಿನ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ, ಡ್ರೈವರ್ ಚಿಕ್ಕಮಾದುವಿನ ಹೊರತು; ಡ್ರೈವರನನ್ನು ಸಭೆಗೆ ಕರೆಯುವ ಪದ್ಧತಿ ಇರಲಿಲ್ಲ.

ಇಷ್ಟೇ ಆಗಿದ್ದರೆ ಹೇಡಿತನವೆಂದು ಹೆಸರಿಟ್ಟು ಸುಮ್ಮನಾಗಬಹುದಿತ್ತು. ಆದರೆ ಚಿಕ್ಕಮಾದುವಿನ ಮೇಲೆ ಅವನಿಗೊಂದು ಸಿಟ್ಟೂ ಇತ್ತು. ಸ್ಕೂಟರು ಕೆಟ್ಟಿದ್ದ ಒಂದು ದಿನ, ಪೂರಿಗಾಲಿ ಕಡೆಗೆ ಮಕ್ಕಳನ್ನು ಬಿಡಲು ಹೊರಟಿದ್ದ ಬಸ್ಸನ್ನು ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದ. "ಅಯ್ನೋರೆ, ಅದು ಮಿಸ್ಸು ಕೂರೋ ಜಾಗ. ಇಂದಕ್ಕೋಗಿ ಮಕ್ಕಳ್ ಜೊತೆ ಕೂತ್ಕಳಿ. ಟೈರ್ ಕೊಡ್ಸಿ, ಅವತ್ತು ಮುಂದ್ಗಡೆ ಕೂರಿಸ್ಕೊಂಡು ಮೆರವಣಿಗೆ ಮಾಡ್ತೀನಿ," ಎಂದಿದ್ದ ಚಿಕ್ಕಮಾದು. ಮಕ್ಕಳೆಲ್ಲ ಗೊಳ್ಳೆಂದು ನಕ್ಕಿದ್ದವು. ಪುಟ್ಟ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಊರಾಚೆಯವರೆಗೂ ಆ ನಗುವಿನ ನಡುವೆ ಕೂತಿದ್ದ ನೆನಪು, ಟಿಪ್ಪಣಿ ಬರೆಯಲು ಪೆನ್ನು ಎತ್ತಿಕೊಂಡಾಗ, ಕರೆಯದಿದ್ದರೂ ಬಂತು. 'ವಾಹನವು ಸುಸ್ಥಿತಿಯಲ್ಲಿರುವುದರಿಂದ ಟೈರು ಬದಲಾವಣೆಯ ಬಾಬ್ತಿನಲ್ಲಿ ಉಳಿತಾಯ ಕಂಡುಬಂದಿರುತ್ತದೆ' ಎಂದು ಬರೆದು, ಗಟ್ಟಿಯಾಗಿ ಓದಿ, ಹದವಾಗಿದೆ ಅಂದುಕೊಂಡು ಕಾಫಿ ತರಿಸಿ ಕುಡಿದಿದ್ದ. ಏಪ್ರಿಲ್ ಬಂದಾಗ ಹೊಸ ವರ್ಷದ ಲೆಕ್ಕದಲ್ಲಿ ಟೈರಿಗೆ ಮತ್ತೆ ಬರೆದುಬಿಡಬಹುದಿತ್ತು. ಆದರೆ ಮಾರ್ಚಿನಲ್ಲಿ ಸುಸ್ಥಿತಿಯಲ್ಲಿದ್ದ ಬಸ್ಸಿಗೆ ಏಪ್ರಿಲ್‌ನಲ್ಲಿ ಟೈರು ಏಕೆಂದು ಯಾರಾದರೂ ಕೇಳಿದರೆ? ತಾನು ಬರೆದದ್ದನ್ನು ತಾನೇ ಸುಳ್ಳೆಂದು ಒಪ್ಪಿಕೊಳ್ಳುವುದು ಹೇಗೆ? ಹೇಗೂ ಹಳ್ಳಿ ರಸ್ತೆ, ಎತ್ತಿನ ಗಾಡಿಯ ಹಿಂದೆ ಓಡುವ ಬಸ್ಸು, ಏನಾಗುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದ. ಪೂರಿಗಾಲಿಯ ಮಕ್ಕಳು ವರ್ಷವಿಡೀ ಅದೇ ಬಸ್ಸಿನಲ್ಲಿ ಬಂದು ಹೋದರು. ತನ್ಮಯಿ ನಡೆದೇ ಶಾಲೆಗೆ ಹೋಗುತ್ತಿದ್ದಳು. ಪೂರಿಗಾಲಿಯ ಮಕ್ಕಳಿಗಾಗಿ ಅವನು ಒಂದು ದಿನವೂ ಚೊಂಬಿಗೆ ಬಿಸಿನೀರು ತುಂಬಿಸಿಕೊಳ್ಳಲಿಲ್ಲ.

ಪ್ರವಾಸಕ್ಕೆ ಪ್ರತಿ ವರ್ಷ ಬಾಡಿಗೆ ಬಸ್ಸು ಗೊತ್ತುಮಾಡುವುದು ರೂಢಿ. ಈ ಸಲ ವೀಣ ಮೇಡಂ ಅರ್ಜಿ ಇಟ್ಟಾಗ ಚಲುವರಾಜು ಹಳೆಯ ನಡಾವಳಿ ತೆಗೆಸಿ ನೋಡಿ, "ನಮ್ಮ ಬಸ್ಸೇ ಸುಸ್ಥಿತಿಲಿ ಅದೆ ಅಂತ ಇಲ್ಲೇ ಬರ್ದದಲ್ಲ, ಬಾಡಿಗೆ ಯಾಕೆ?" ಎಂದು ತೀರ್ಮಾನ ಮಾಡಿಬಿಟ್ಟರು. ಸಭೆಯ ಮೂಲೆಯಲ್ಲಿ ಕೂತು ಆ ತೀರ್ಮಾನವನ್ನು ಬರೆದುಕೊಂಡವನೂ ಸುಧೀಂದ್ರನೇ. ಅಕ್ಷರಗಳು ಎಂದಿನ ಹಾಗೆ ದುಂಡಗೆ ಬಂದವು.

ಬಿಸಿಲೇರುವ ಹೊತ್ತಿಗೆ ಚಲುವರಾಜು ತಾವೇ ಕಾರು ಓಡಿಸಿಕೊಂಡು ಬಂದು ಹಾರ್ನ್ ಒತ್ತಿದರು. "ಬನ್ನಿ ಸುಧೀಂದ್ರಯ್ಯ, ಮದ್ದೂರ್ಗೋಗಿ ಬರನ. ಕಮಾನಿಗೆ ಅಕ್ಷರ ಕೆತ್ತೋನ್ ತಾವ ಮಾತಾಡ್ಬೇಕು. ಅಂಗೇ ಬೆಳ್ಳೂರ್ಗೋಗಿ ಮಕ್ಕಳ್ನೂ ನೋಡ್ಕೊಂಡ್ ಬರನ. ನಮ್ ಚಂದನ ಓಗವ್ಳಲ್ಲ, ತಾತ ನೀನೂ ಬಾ ಅಂತ ಪ್ರಾಣ ತಿಂದವ್ಳೆ." ಬಿಳಿ ಪಂಚೆ, ಅತ್ತರಿನ ವಾಸನೆ, ಮೊಮ್ಮಗಳ ಮಾತೆತ್ತಿದಾಗ ಮುಖದ ತುಂಬ ಹರಡುವ ನಗು. ಈ ಮನುಷ್ಯ ತನ್ನನ್ನು ಬೈದು, ಹೆದರಿಸಿ, ಟೈರಿನ ಹಣ ಕಿತ್ತುಕೊಡು ಎಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಪಾಪವನ್ನು ಅರ್ಧಕ್ಕರ್ಧ ಹಂಚಿಕೊಳ್ಳಬಹುದಿತ್ತು. ಪಾಪ, ಅವರು ನಂಬಿದ್ದರು. ನಂಬಿ ಮೊಮ್ಮಗಳನ್ನು ಹತ್ತಿಸಿ ಕಳಿಸಿದ್ದರು. ಸುಧೀಂದ್ರ ಬಾಗಿಲು ತೆಗೆದು ಅವರ ಪಕ್ಕದಲ್ಲಿ ಕೂತ.

ಊರು ದಾಟಿದ ಮೇಲೆ ಹೇಳಿಬಿಡುತ್ತೇನೆ ಅಂದುಕೊಂಡ. ಈಗಲೂ ಹೊತ್ತು ಮೀರಿಲ್ಲ. ಒಂದು ಫೋನು ಮಾಡಿದರೆ ಬಸ್ಸು ಬೆಳ್ಳೂರಿನಲ್ಲೇ ನಿಲ್ಲುತ್ತದೆ, ಮಕ್ಕಳನ್ನು ಬೇರೆ ಗಾಡಿಯಲ್ಲಿ ತರಬಹುದು. ಊರು ದಾಟಿತು. ಮುಂದಿನ ಸೇತುವೆ ಬರಲಿ ಅಂದುಕೊಂಡ. ಸೇತುವೆಯೂ ಹಿಂದೆ ಸರಿಯಿತು. "ಅಕ್ಷರಕ್ಕೂ ಎಲ್ಲಿಂದಾದ್ರೂ ಒಂದಿಸ್ಬೇಕಲ್ಲ ಸುಧೀಂದ್ರಯ್ಯ," ಎಂದರು ಚಲುವರಾಜು, ಗೇರು ಬದಲಿಸುತ್ತ.

"ಸರ್, ಬಸ್ಸಿನ ವಿಚಾರ ಒಂದು..."

"ಬಸ್ಸಿಗೇನಾಯ್ತು?"

"ಏನಿಲ್ಲ. ಸ್ವಲ್ಪ ಹಳೇದಾಯ್ತೇನೋ ಅಂತ."

"ಅಳೇದಾದ್ರೇನು ಬುಡಿ, ಗಟ್ಟಿಯಾಗದಲ್ಲ. ನೀವ್ ಬರೆದ್ಮೇಲೆ ಮುಗೀತು. ನಮ್ ಕಮಿಟಿಲಿ ನಾನ್ ಕಣ್ಮುಚ್ಕೊಂಡ್ ಸೈನ್ ಆಕೋದು ನಿಮ್ ಟಿಪ್ಪಣಿ ಒಂದ್ಕೇ ಕಣ್ರೀ." ಅವರು ಹೊಗಳಿದರು. ಬಾಯಿಯ ತುದಿಗೆ ಬಂದಿದ್ದ ಮಾತು ಆ ಹೊಗಳಿಕೆಗೆ ನಾಚಿ ಒಳಕ್ಕೆ ಇಳಿದುಹೋಯಿತು. ಹೊಗಳಿಸಿಕೊಳ್ಳುವುದು ಅವನಿಗೆ ಅಪರೂಪ. ಇಂಥ ಹೊತ್ತಿನಲ್ಲೂ ಅದು ಒಂದಿಷ್ಟು ಹಿತವಾಯಿತೆಂಬುದನ್ನು ಗಮನಿಸಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಕೆ.ಎಂ. ದೊಡ್ಡಿಯ ಹತ್ತಿರ ರಸ್ತೆಯಲ್ಲಿ ಜನ ಮುತ್ತಿದ್ದರು. ಸೈಕಲ್ಲು ಬಿಸಾಕಿ ಓಡುವವರು, ಹೆಂಗಸರ ಕೂಗು, ರಸ್ತೆಗೆ ಅಡ್ಡಲಾಗಿ ಯಾವುದೋ ಗಾಡಿಯ ಬೆನ್ನು. ಸುಧೀಂದ್ರ ಸೀಟಿನಿಂದ ಮುಂದಕ್ಕೆ ಬಾಗಿದ. ಹಳದಿ ಬಣ್ಣ ಕಾಣುತ್ತಿದೆಯೇ? ಕಂಡಿತು. ಇಲ್ಲ, ಅದು ಯಾರದೋ ಸೀರೆ. ಬೇರೆ ಬಸ್ಸಾಗಿರಲಿ ದೇವರೇ, ಬೇರೆ ಯಾವುದಾದರೂ ಬಸ್ಸಾಗಿರಲಿ ಎಂದು ಬೇಡಿಕೊಂಡ, ಬೇರೆ ಬಸ್ಸಿನಲ್ಲಿ ಕೂತಿರುವವರೂ ಯಾರದೋ ಮಕ್ಕಳೆಂಬುದು ಹೊಳೆಯದೆ. ಹತ್ತಿರ ಹೋದರೆ ಕಬ್ಬಿನ ಟ್ರ್ಯಾಕ್ಟರಿನ ಟ್ರೈಲರು ಮಗುಚಿ, ರಸ್ತೆಯ ತುಂಬ ಜಲ್ಲೆ ಚೆಲ್ಲಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಜನ ಕಬ್ಬು ಎತ್ತಿಕೊಂಡು ಓಡುತ್ತಿದ್ದರು, ಟ್ರ್ಯಾಕ್ಟರಿನವನು ಅವರ ಹಿಂದೆ ಬೈಯುತ್ತ ಓಡುತ್ತಿದ್ದ. "ನೋಡ್ರಿ ನಮ್ ಜನಾನ!" ಎಂದು ಚಲುವರಾಜು ನಕ್ಕರು. ಸುಧೀಂದ್ರನೂ ನಕ್ಕ. ನಗುವಾಗ ಕಣ್ಣಲ್ಲಿ ನೀರು ಬಂತು, ಧೂಳು ಎಂದು ಒರೆಸಿಕೊಂಡ.

ಮದ್ದೂರಿನಲ್ಲಿ ಅಕ್ಷರ ಕೆತ್ತುವವನ ಜೊತೆ ಚಲುವರಾಜು ಚೌಕಾಸಿಗೆ ಇಳಿದಾಗ ಅವನು ಹೊರಗೆ ಬಂದು ವೀಣ ಮೇಡಂಗೆ ಫೋನು ಮಾಡಿದ. "ತಲುಪಿದೀವಿ ಸರ್, ಮಕ್ಕಳು ಗೂಡು ಎಣಿಸ್ತಾ ಇದಾರೆ. ತನ್ಮಯಿ ಹೇಗಿದಾಳೆ? ಜ್ವರ ಇಳೀತಾ?" ಎಂದರು ಆಕೆ. ಸ್ವಲ್ಪ ಇಳಿದಿದೆ ಎಂದ. "ಬರೋವಾಗ ನಿಧಾನವಾಗಿ ಬನ್ನಿ ಮೇಡಂ."

"ಯಾಕೆ ಸರ್?"

"ಸುಮ್ನೆ ಹೇಳ್ದೆ."

ಆಕೆ ಯಾಕೆಂದು ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು, ಫೋನು ಜೇಬಿಗೆ ಹಾಕುವಾಗ, ಅವನಿಗೆ ಅನ್ನಿಸಿತು. ಚಲುವರಾಜು ಮಕ್ಕಳಿಗೆಂದು ಬುಟ್ಟಿ ತುಂಬ ವಡೆ ಕಟ್ಟಿಸಿಕೊಂಡು ಬಂದರು. ಬಿಸಿ ವಡೆಯ, ಕರಿದ ಈರುಳ್ಳಿಯ ಘಮ ಕಾರಿನ ತುಂಬ ಹರಡಿತು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಸುಧೀಂದ್ರನಿಗೆ ತನ್ಮಯಿ ಈಗ ಗಂಜಿ ಕುಡಿಯುತ್ತಿರಬಹುದೆಂದು ನೆನಪಾಯಿತು. ಮಾತ್ರೆಯನ್ನೂ ಪ್ರಿಯಂವದಾ ನುಂಗಿಸಿರುತ್ತಾಳೆಯೇ? ನುಂಗಿಸದೆ ಇರಲಾರಳು. ಸುಳ್ಳನ್ನು ಅರ್ಧಕ್ಕೆ ಬಿಡುವವಳಲ್ಲ ಅವಳು, ಅವನ ಹಾಗೆಯೇ.

ಬೆಳ್ಳೂರಿನ ಹುಣಸೆಮರಗಳ ಮೇಲೆ ಬಿಳಿ ಹಕ್ಕಿಗಳು ಕಿಕ್ಕಿರಿದಿದ್ದವು. ಕೊಕ್ಕು ಬಡಿಯುವ ಸದ್ದು, ಹಿಕ್ಕೆಯ ಘಾಟು, ಮರಿಗಳ ಗಲಾಟೆ. ಕತ್ತೆತ್ತಿ ನೋಡುತ್ತಿದ್ದ ಮಕ್ಕಳು ಚಲುವರಾಜು ಅವರನ್ನು ಕಂಡದ್ದೇ "ವಡೆ ತಾತ" ಎಂದು ಕೂಗಿಕೊಂಡು ಮುತ್ತಿದವು. ಸುಧೀಂದ್ರ ಅವುಗಳಿಂದ ತಪ್ಪಿಸಿಕೊಂಡು ಬಸ್ಸು ನಿಂತ ಕಡೆಗೆ ಹೋದ. ಯಾಕೆ ಹೋದೆನೆಂದು ಅವನಿಗೇ ತಿಳಿಯದು. ಚಿಕ್ಕಮಾದು ಬಸ್ಸಿನ ನೆರಳಲ್ಲಿ, ಹಿಂದಿನ ಚಕ್ರಕ್ಕೇ ಒರಗಿಕೊಂಡು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಏಳಲಿಲ್ಲ.

"ನಿಮ್ ಮಗ ಬರ್ನಿಲ್ವಾ ಅಯ್ನೋರೆ?" ಹೆಣ್ಣಿರಲಿ ಗಂಡಿರಲಿ ಅವನಿಗೆ ಎಲ್ಲ ಮಕ್ಕಳೂ ಮಗ.

"ಜ್ವರ."

ಚಿಕ್ಕಮಾದು ಸುಣ್ಣದ ಬೆರಳನ್ನು ಎಲೆಗೆ ಒರೆಸಿದ. "ಬತ್ತಾ ಇಳಿಜಾರ್ನಲ್ಲಿ ಬ್ರೇಕ್ ಒತ್ತುದ್ರೆ ಜಾರ್ತು. ಇನ್ನೊಂದ್ ಕಿತ ಐವೇ ರೋಡ್ನಲ್ಲಿ ಜಾರ್ತು. ಮಿಸ್ಸುಗೆ ಯೋಳ್ನಿಲ್ಲ, ಎದ್ರುಕತಾರೆ. ನಿಮ್ಗ್ಯಾಕ್ ಯೋಳ್ತಿವ್ನಿ ಅಂದ್ರೆ, ನಿಮ್ಗೆ ಗೊತ್ತಿರೋ ಇಚಾರ ತಾನೆ?"

"ನೀನು ಬರೋದಿಲ್ಲ ಅನ್ನಬೇಕಾಗಿತ್ತು ಮಾದು."

"ನಾನು ಅನ್ನಬೇಕಾಗಿತ್ತಾ?" ಎಂದ ಚಿಕ್ಕಮಾದು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಬ್ಯಾಡಿ ಅಂದ್ರೆ ಬ್ಯಾರೆ ಡ್ರೈವರ್ನ ಕರೀತಾರೆ. ಅವನ್ಗೆ ಈ ಗಾಡಿ ಎಲ್ ಜಾರ್ತದೆ ಅಂತ ಏನ್ ಗೊತ್ತು? ಅದ್ಕೇ ನಾನೇ ಬಂದೆ. ಬುಡಿ, ನಿದಾನಕ್ಕೆ ಓಯ್ತೀನಿ." ಇಷ್ಟು ದಿನ ಈ ಮನುಷ್ಯ ತನ್ನ ಮೇಲೆ ಹಗೆ ಸಾಧಿಸುತ್ತಾನೆಂದು ಸುಧೀಂದ್ರ ತಿಳಿದಿದ್ದ. ಹಗೆಯೆಲ್ಲ ತನ್ನದೇ ಆಗಿತ್ತು ಎಂಬುದು ಈಗ, ಹಿಕ್ಕೆ ಬಿದ್ದು ಬಿಳಿ ಮಚ್ಚೆಯಾಗಿದ್ದ ಈ ಬಸ್ಸಿನ ಮಗ್ಗುಲಲ್ಲಿ, ಸುಮ್ಮನೆ ಗೊತ್ತಾಯಿತು. ಅವನು ಮಕ್ಕಳ ಗುಂಪಿನ ಕಡೆಗೆ ನಡೆದ.

ಬಿಸಿಲು ಇಳಿಯುತ್ತಿದ್ದಂತೆ ವೀಣ ಮೇಡಂ ಸೀಟಿ ಊದಿ ಮಕ್ಕಳನ್ನು ಬಸ್ಸಿಗೆ ಹತ್ತಿಸತೊಡಗಿದರು. ಚಂದನ ತಾತನ ಪಂಚೆ ಹಿಡಿದು ಎಳೆಯುತ್ತಿದ್ದಳು. "ಲೇ ಮಾದ, ನಾನೂ ಬಸ್ಸಲ್ಲೇ ಬತ್ತೀನಿ ಕಣ್ಲಾ, ಈ ಮಗ ಬುಡಾಕಿಲ್ಲ ಅಂತದೆ," ಎಂದು ನಗುತ್ತ ಚಲುವರಾಜು ಸುಧೀಂದ್ರನ ಕೈಗೆ ಕಾರಿನ ಕೀ ಹಾಕಿದರು. "ನೀವು ಕಾರ್ ತಕ್ಕೊಂಡ್ ಇಂದುಗಡೆ ಬನ್ನಿ ಸುಧೀಂದ್ರಯ್ಯ. ತಣ್ಗೆ ಏಸಿ ಆಕ್ಕೊಂಡು ಬನ್ನಿ." ಅವರು ಹತ್ತಿದರು. ಮಕ್ಕಳು ಹೋ ಎಂದವು. ಬಾಗಿಲು ಮುಚ್ಚಿತು. ಕೀ ಹಿಡಿದು ನಿಂತವನಿಗೆ, ಯಾರೂ ಕೇಳದೆಯೇ ತನ್ನನ್ನು ಮತ್ತೆ ಸುರಕ್ಷಿತ ಜಾಗದಲ್ಲಿ ಕೂರಿಸಲಾಗುತ್ತಿದೆ ಎನ್ನಿಸಿತು. ಮಳವಳ್ಳಿಯವರೆಗೂ ಅವನು ಆ ಎರಡು ಚಕ್ರಗಳನ್ನು ನೋಡಿಕೊಂಡು ಹಿಂದೆ ಹಿಂದೆ ಹೋಗಬೇಕು. ಏನೂ ಆಗದೆ ತಲುಪಿದರೆ ತಾನು ಬರೆದದ್ದು ನಿಜವಾಗುತ್ತದೆ. ಮುಂದಿನ ತಿಂಗಳು ಕಮಾನಿನ ಅಕ್ಷರಕ್ಕೂ ಟೈರಿನ ಬಾಬ್ತಿನಿಂದಲೇ ಎತ್ತಬಹುದು, ವಾಹನವು ಸುಸ್ಥಿತಿಯಲ್ಲಿರುವುದರಿಂದ. ಆ ವಾಕ್ಯ ಅವನ ತಲೆಯಲ್ಲಿ ತಾನಾಗಿ, ಪೂರ್ಣವಿರಾಮದ ಸಮೇತ, ಬರೆದುಕೊಳ್ಳತೊಡಗಿತು. ಅವನಿಗೆ ಭಯವಾಯಿತು. ಬೆಳಗಿನಿಂದ ಪಟ್ಟ ಭಯವೆಲ್ಲ ಇದರ ಮುಂದೆ ಏನೂ ಅಲ್ಲ.

ಬಸ್ಸು ಗುರುಗುಟ್ಟಿ ಹೊರಟಿತು. ಅವನು ಓಡಿದ. ಪಕ್ಕದ ತಗಡನ್ನು ಅಂಗೈಯಿಂದ ದಬದಬ ಬಡಿದು, "ನಿಲ್ಸು ಮಾದು, ನಿಲ್ಸು!" ಎಂದು ಕಿರುಚಿದ. ಮರದ ಮೇಲಿನ ಹಕ್ಕಿಗಳು ಗಾಬರಿಯಾಗಿ ಎದ್ದವು. ಬಸ್ಸು ನಿಂತಿತು. ಬಾಗಿಲಲ್ಲಿ ಚಲುವರಾಜು ಕಾಣಿಸಿಕೊಂಡರು. "ಏನ್ರೀ, ಕಾರ್ ಸ್ಟಾರ್ಟ್ ಆಯ್ತಾ ಇಲ್ವಾ?"

"ಇಳೀರಿ ಸರ್. ಎಲ್ಲರನ್ನೂ ಇಳಿಸಿ. ಟೈರು ಸವೆದುಹೋಗಿವೆ. ಹೋದ ವರ್ಷವೇ ಸವೆದಿದ್ದವು. ಮಾದು ನನ್ನ ಹತ್ತಿರ ಎಷ್ಟು ಸಲವೋ ಹೇಳಿದ್ದ. ನಿಮ್ಮ ಕಮಾನಿಗೆ ಹೊಂದಿಸೋಕೆ ನಾನೇ ಸುಳ್ಳು ಬರೆದೆ."

ಉಸಿರು ಕಟ್ಟಿಕೊಂಡು ಇಷ್ಟನ್ನೂ ಹೇಳಿದ. ಚಲುವರಾಜು ಇಳಿದರು. ಬಯ್ಯಲಿಲ್ಲ. ಪಂಚೆ ಎತ್ತಿ ಕಟ್ಟಿ, ಹಿಂದಿನ ಚಕ್ರದ ಬಳಿ ಕೂತು, ಮಗುವಿನ ತಲೆ ಸವರುವ ಹಾಗೆ ಆ ನುಣುಪಿನ ಮೇಲೆ ಕೈಯಾಡಿಸಿದರು. ಎದ್ದು ನಿಂತು ಕಿಟಕಿಗಳ ಉದ್ದಕ್ಕೂ ಕಾಣುತ್ತಿದ್ದ ಮುಖಗಳನ್ನು ಒಂದೊಂದಾಗಿ ನೋಡಿದರು. ಚಂದನಳ ಮುಖದ ಹತ್ತಿರ ಬಂದಾಗ ಕಣ್ಣು ಅಲ್ಲಿಯೇ ನಿಂತಿತು. ಆಮೇಲೆ ಏನೋ ಹೊಳೆದವರಂತೆ ನಿಧಾನವಾಗಿ ಅವನ ಕಡೆಗೆ ತಿರುಗಿದರು.

"ನಿಮ್ ಮಗ್ಳು ಇದೇ ಕ್ಲಾಸಲ್ವಾ ಸುಧೀಂದ್ರಯ್ಯ? ಎಲ್ಲವ್ಳೆ?"

"ಮನೇಲಿ."

"ಯಾಕ್ ಬರ್ನಿಲ್ಲ?"

"ಅವ್ಳಿಗೆ ಜ್ವರ ತಾತ," ಎಂದಳು ಚಂದನ, ಕಿಟಕಿಯಿಂದ. ಗೆಳತಿಯ ಪರವಾಗಿ ಹೇಳಿದ ಮಾತು. ಅವನು ತಲೆಯಾಡಿಸಿದ್ದರೆ ಸಾಕಾಗಿತ್ತು. ವೀಣ ಮೇಡಂ ಬಾಗಿಲಲ್ಲಿ ಬಂದು ನಿಂತಿದ್ದರು, ಚಿಕ್ಕಮಾದು ಎಂಜಿನ್ ಆರಿಸಿ ಸ್ಟೀರಿಂಗಿನ ಮೇಲೆ ಕೈಯಿಟ್ಟು ಮುಂದಿನ ರಸ್ತೆಯನ್ನೇ ನೋಡುತ್ತಿದ್ದ.

"ಇಲ್ಲ ಸರ್," ಎಂದ ಸುಧೀಂದ್ರ. "ಜ್ವರ ಇಲ್ಲ. ಚೆನ್ನಾಗಿದಾಳೆ."